ನಲವತ್ತೆರಡು ಜನರಿಗೆ ಹೇಳಿದ ಕೊನೆ

ನಮ್ಮೂರಿನಲ್ಲಿ ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯವನ್ನು ಒಬ್ಬರು ಮಾತ್ರ ಓದಬಹುದು. ಒಬ್ಬರು ಓದಿ ಮುಗಿಸಿದರೆಂದರೆ ಆ ಪುಟಗಳು ಬೆಳ್ಳಗಾಗುತ್ತವೆ. ಅದೇ ಕಾದಂಬರಿಯ ಇನ್ನೊಂದು ಪ್ರತಿ ತರಿಸಿದರೂ ಅಷ್ಟೇ, ಬಸ್ಸು ಕೆರೆ ಏರಿ ದಾಟಿ ಊರೊಳಗೆ ಬರುವಷ್ಟರಲ್ಲಿ ಅದರ ಕೊನೆಯೂ ಬೆಳ್ಳಗಾಗಿರುತ್ತದೆ. ಪ್ರೇಮದ ಕಾದಂಬರಿಗಳಿಗೆ, ಪುರಾಣಗಳಿಗೆ, ಅಡುಗೆ ಪುಸ್ತಕಗಳಿಗೆ ಹೀಗಾಗುವುದಿಲ್ಲ. ಕೊಲೆ ನಡೆದು, ಕೊಂದವರನ್ನು ಯಾರೋ ಹುಡುಕುತ್ತ ಹೋಗುವ ಪುಸ್ತಕಗಳಿಗೆ ಮಾತ್ರ. ದಸ್ತಗೀರ್ ಸಾಹೇಬರು ಕಂಡಕ್ಟರಾಗಿದ್ದ ಕಾಲದಲ್ಲಿ ಒಮ್ಮೆ ಪಕ್ಕದ ಊರಿನ ಬಸ್ ನಿಲ್ದಾಣದಲ್ಲೇ ಕುಳಿತು ಒಂದು ಕಾದಂಬರಿಯನ್ನು ಪೂರ್ತಿ ಓದಿ ಬಂದರು. ಊರು ತಲುಪಿದಾಗ ಅವರಿಗೆ ನೆನಪಿದ್ದದ್ದು ಆ ನಿಲ್ದಾಣದ ಹೋಟೆಲಿನಲ್ಲಿ ಸೆಟ್ ದೋಸೆ ಮೆತ್ತಗಿತ್ತು ಎಂಬುದೊಂದೇ.

ಹಿಂದೆ ಮೊದಲ ಓದಿಗಾಗಿ ಜಗಳಗಳಾಗುತ್ತಿದ್ದವಂತೆ. ಒಂದೇ ಮನೆಯ ಅಣ್ಣತಮ್ಮಂದಿರು ಒಂದು ಕಾದಂಬರಿಯ ಕೊನೆಗಾಗಿ ಒಲೆ ಬೇರೆ ಮಾಡಿಕೊಂಡದ್ದನ್ನು ಈಗಲೂ ಹೇಳುತ್ತಾರೆ. ಕಡೆಗೆ ಗ್ರಂಥಾಲಯದ ಸಮಿತಿಯವರು ಕುಳಿತು ತೀರ್ಮಾನಿಸಿದರು. ಒಬ್ಬರೇ ಓದುವುದು, ಮಿಕ್ಕ ಅಧ್ಯಾಯಗಳನ್ನು ಮುಗಿಸಿ ಬಂದವರಿಗೆ ಆ ಒಬ್ಬರು ಬಾಯಲ್ಲಿ ಕೊನೆ ಹೇಳುವುದು. ಬರೆದಿಟ್ಟುಕೊಂಡರೆ ಆ ಬರಹವೂ ಬೆಳ್ಳಗಾಗುತ್ತದೆ. ಆದ್ದರಿಂದ ಎಲ್ಲವೂ ತಲೆಯಲ್ಲೇ ಇರಬೇಕು.

ಆ ಒಬ್ಬರು ಹನ್ನೊಂದು ವರ್ಷಗಳಿಂದ ನಾನು. ನನ್ನ ಹೆಸರು ವಾರಿಜ. ಊರಿನವರು ಕರೆಯುವುದು ಕೊನೆ ಮೇಡಂ ಎಂದು. ಹಗಲು ಬೀಜದ ಉಗ್ರಾಣದಲ್ಲಿ ಚೀಲಗಳಿಗೆ ಚೀಟಿ ಹೊಲಿಯುತ್ತ, ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವಳು ನಾನು. ಹಗಲು ಹೊತ್ತಿನಲ್ಲಿ ಓದಿದವರ ಮುಂದೆ ಮಾತಾಡುವಾಗ ಈಗಲೂ ವಾಕ್ಯವನ್ನು ಒಳಗೇ ಒಮ್ಮೆ ಹೇಳಿಕೊಂಡು ಆಮೇಲೆ ಬಾಯಿ ಬಿಡುತ್ತೇನೆ. ಈ ಕೆಲಸಕ್ಕೆ ಆರು ಜನ ಬಂದಿದ್ದರು. ಕಾರ್ಯದರ್ಶಿ ಹಿರಿಯಣ್ಣನವರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು. ಕೊನೆ ಮರೆತುಹೋದರೆ ಏನು ಮಾಡುತ್ತೀರಿ? ಐದು ಜನ ಮರೆಯುವುದಿಲ್ಲ ಎಂದರಂತೆ. ನಾನು, ಮರೆತೆ ಎಂದು ಹೇಳುತ್ತೇನೆ ಅಂದೆ. ಅದಕ್ಕೇ ನನ್ನನ್ನು ಆರಿಸಿದರು. ಆ ಉತ್ತರ ಕೊಟ್ಟವಳು ನಾನೇ ಹೌದೇ ಎಂದು ಈಗ ಅನುಮಾನ ಬರುತ್ತದೆ.

ಪತ್ರಿಕೆಗಳ ಮೇಜಿನ ಹಿಂದೆ ಒಂದು ಚಿಕ್ಕ ಕೋಣೆ. ಸಂಜೆ ನಾಲ್ಕರಿಂದ ಆರರವರೆಗೆ ನಾನು ಅಲ್ಲಿರುತ್ತೇನೆ. ಕೊನೆ ಕೇಳಲು ಬಂದವರು ಮೊದಲು ಅಭಿಪ್ರಾಯದ ಪುಸ್ತಕದಲ್ಲಿ ಬರೆಯಬೇಕು. ಯಾರ ಮೇಲೆ ಅನುಮಾನ, ಏಕೆ, ಕಾದಂಬರಿ ಹೇಗಿದೆ. ಬರೆದು ಸಹಿ ಹಾಕಿದ ಮೇಲೆ ಬಾಗಿಲು ಮುಂದೆ ಮಾಡಿ ನಾನು ಹೇಳುತ್ತೇನೆ. ಆಮೇಲೆ ಬೇಕಿದ್ದವರು ಕೆಳಗೆ ಇನ್ನೊಂದು ಅಭಿಪ್ರಾಯ ಬರೆಯಬಹುದು. ಕೊಲೆಗಾರನ ಹೆಸರು ಮಾತ್ರ ಬರೆಯುವಂತಿಲ್ಲ, ಬರೆದರೂ ನಿಲ್ಲುವುದಿಲ್ಲ. ತಪ್ಪು ಊಹೆಗಳು ನಿಲ್ಲುತ್ತವೆ. ನಮ್ಮ ಅಭಿಪ್ರಾಯದ ಪುಸ್ತಕಗಳ ತುಂಬ ತಪ್ಪು ಊಹೆಗಳೇ ಇವೆ. ಅಲ್ಲಲ್ಲಿ ಒಂದು ಹೆಸರಿನ ಜಾಗ ಖಾಲಿ ಕಂಡರೆ ಅವರ ಊಹೆ ಸರಿಯಿತ್ತು ಎಂದು ಅರ್ಥ. ಆದರೆ ಖಾಲಿಯಾಗಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ, ಅಷ್ಟು ಹಿಂದಿನ ಪುಟ ತಿರುವಿ ನೋಡುವವರು ಯಾರೂ ಇಲ್ಲ.

ಬರೆಯುವವರು ಒಬ್ಬೊಬ್ಬರೂ ಒಂದೊಂದು ಥರ. ದರ್ಜಿ ರುದ್ರಮುನಿ ಪ್ರತಿ ಸಲವೂ ಬಟ್ಟೆಯ ವಿಷಯ ಬರೆಯುತ್ತಾನೆ. ಸತ್ತವರೆಲ್ಲ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಸಾಯುತ್ತಾರೆ, ಹರಿದ ಬನಿಯನ್ ಹಾಕಿಕೊಂಡವನನ್ನು ಕೊಲ್ಲುವವರು ಯಾರೂ ಇಲ್ಲವೇ, ಲೇಖಕರು ಗಮನಿಸಬೇಕು. ದಸ್ತಗೀರ್ ಸಾಹೇಬರಿಗೆ ಯಾವಾಗಲೂ ಡಾಕ್ಟರ ಮೇಲೆ ಅನುಮಾನ. ಒಂದು ಕಾದಂಬರಿಯಲ್ಲಿ ಡಾಕ್ಟರೇ ಇರಲಿಲ್ಲ. ಡಾಕ್ಟರನ್ನು ಎಲ್ಲಿಯೂ ತೋರಿಸದಿರುವುದೇ ನನ್ನ ಅನುಮಾನಕ್ಕೆ ಕಾರಣ ಎಂದು ಬರೆದರು. ಒಂದೇ ಸಲ ಬಂದುಹೋದ ಒಬ್ಬ ಹೆಂಗಸು ಬರೆದದ್ದು ನನಗೆ ಬಾಯಿಪಾಠವಾಗಿದೆ. ಪತ್ತೇದಾರರು ಹೋದಹೋದ ಮನೆಯಲ್ಲೆಲ್ಲ ಕಾಫಿ ಕುಡಿಯುತ್ತಾರೆ, ಆ ಲೋಟಗಳನ್ನು ತೊಳೆದವರನ್ನು ಒಂದು ಮಾತು ಕೇಳಿದ್ದರೆ ಇನ್ನೂರು ಪುಟ ಬೇಕಾಗುತ್ತಿರಲಿಲ್ಲ.

ಕೊನೆ ಕೇಳಿದ ಮೇಲೆ ಜನ ಕೂರುವುದಿಲ್ಲ. ಅವಸರದಲ್ಲಿ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಾರೆ. ಕೊನೆ ಕೇಳಿಯಾದವರು ಅಲ್ಲಿ ಸೇರಿ ಮಾತಾಡುತ್ತಾರೆ. ಕಿಟಕಿಯಲ್ಲಿ ಅವರ ನಗು ಕೇಳಿಸುತ್ತದೆ. ನಾನು ಆ ಕಟ್ಟೆಯ ಮೇಲೆ ಕುಳಿತಿಲ್ಲ. ಎಲ್ಲ ಪುಸ್ತಕಗಳ ಕೊನೆ ಗೊತ್ತಿರುವವಳು ಬಂದು ಕುಳಿತರೆ, ಇನ್ನೂ ಓದದ ಪುಸ್ತಕದ ಬಗ್ಗೆ ಬಾಯಿ ತಪ್ಪಿ ಏನಾದರೂ ಹೇಳಿಬಿಟ್ಟಾಳೆಂದು ಅವರಿಗೆ ಹೆದರಿಕೆ. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ನನ್ನ ಅಕ್ಕಪಕ್ಕದವರು ಸಾರಿನ ವಿಷಯ ಬಿಟ್ಟು ಬೇರೆ ಎತ್ತುವುದಿಲ್ಲ. ಮನೆಯಲ್ಲಿ ಚಪಾತಿ ಲಟ್ಟಿಸುವಾಗ ನಾನು ಇನ್ನೂರ ಹದಿಮೂರು ಕೊನೆಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಯಾರು, ಯಾರನ್ನು, ಯಾತರಿಂದ, ಏಕೆ. ಹೊರಗಿನಿಂದ ಕೇಳಿದವರಿಗೆ ಜಪ ಮಾಡುತ್ತಿದ್ದೇನೆ ಅನ್ನಿಸಬಹುದು.

ಕೇಳಿದ ಮೇಲೂ ಎದ್ದು ಹೋಗದೆ ಕೂರುತ್ತಿದ್ದವರು ಒಬ್ಬರೇ, ವಾಚು ರಿಪೇರಿಯ ಶಾಂತವೀರಯ್ಯನವರು. ಮಂಗಳವಾರ ಅವರ ಅಂಗಡಿಗೆ ರಜೆ. ಆ ದಿನ ನಾಲ್ಕೂವರೆಗೆ ಬರುತ್ತಿದ್ದರು. ಅವರ ಅಭಿಪ್ರಾಯ ಮೂರು ಪುಟಕ್ಕೆ ಕಡಿಮೆ ಇರುತ್ತಿರಲಿಲ್ಲ. ಯಾವ ಪುಟದ ಯಾವ ಸಾಲಿನಲ್ಲಿ ಏನಿದೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು, ಹತ್ತರಲ್ಲಿ ಏಳು ಸಲ ಸರಿಯಾಗಿಯೂ ಇರುತ್ತಿತ್ತು. ಕೊನೆ ಕೇಳಿದ ಮೇಲೆ ನನ್ನನ್ನು ಕೇಳುತ್ತಿದ್ದರು. ನೀವು ಓದ್ತಾ ಇರೋವಾಗ ನಿಮಗೆ ಯಾರ ಮೇಲೆ ಅನುಮಾನ ಇತ್ತು ಮೇಡಂ? ಹನ್ನೊಂದು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರು. ನಾನೂ ಓದುವವಳೇ, ನನಗೂ ಒಂದು ತಪ್ಪು ಊಹೆ ಇದ್ದಿರಬಹುದು ಎಂದು ಬೇರೆ ಯಾರಿಗೂ ಹೊಳೆದಿರಲಿಲ್ಲ. ನಾನು ಹೇಳುತ್ತಿದ್ದೆ. ಅವರು ನಗುತ್ತಿದ್ದರು. ಅಷ್ಟೇ. ಉಳಿದ ಆರು ದಿನ ನಾನು ಅದನ್ನು ಇಟ್ಟುಕೊಂಡು ಕಳೆಯುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದೇ ಪಾರ್ಸೆಲ್ಲಿನಲ್ಲಿ ಒಬ್ಬನೇ ಲೇಖಕನ ಎರಡು ಕಾದಂಬರಿಗಳು ಬಂದವು, ಬಾವಿಮನೆಯ ಬಾಡಿಗೆದಾರರು ಮತ್ತು ಗೋದಾಮಿನ ಬೀಗ. ಹೊರಗೆ ಜನ ಕಾಯುತ್ತಿದ್ದರು. ಕಾರ್ಯದರ್ಶಿಗಳು ದಿನಕ್ಕೆರಡು ಸಲ ಬಂದು ಆಯಿತೇ ಆಯಿತೇ ಎನ್ನುತ್ತಿದ್ದರು. ಐದೇ ದಿನದಲ್ಲಿ ಎರಡನ್ನೂ ಓದಿದೆ. ಎರಡರಲ್ಲೂ ಸಾಯುವವನು ಮಾಲೀಕ. ಎರಡರಲ್ಲೂ ಒಬ್ಬ ಭಾವಮೈದುನ, ಒಂದು ಕಳೆದುಹೋದ ಬೀಗದಕೈ.

ಗೋದಾಮಿನ ಬೀಗವನ್ನು ಏಳೆಂಟು ಜನ ಓದಿ ಬೇಸರವೆಂದರು. ಬಾವಿಮನೆ ಮಾತ್ರ ಊರು ಹಿಡಿದುಬಿಟ್ಟಿತು. ಹಳೆಯ ವಠಾರವೊಂದರ ಮಾಲೀಕ ಬಾವಿಯಲ್ಲಿ ಹೆಣವಾಗಿ ಸಿಗುತ್ತಾನೆ. ಕೊಂದವನು ಅವನ ಹೆಂಡತಿಯ ತಮ್ಮ ಎಂದು ನಾನು ಹೇಳಿದಾಗ ಕೇಳಿದವರು ಬಾಯಿ ತೆರೆದು ಕೂರುತ್ತಿದ್ದರು, ಏಕೆಂದರೆ ಪುಸ್ತಕದ ತುಂಬ ಅವನಷ್ಟು ಸಾಧು ಬೇರೊಬ್ಬನಿಲ್ಲ. ಇಂಥ ಕೊನೆಯನ್ನು ಯಾರೂ ಬರೆದಿಲ್ಲ ಎಂದು ಪುಟಗಟ್ಟಲೆ ಅಭಿಪ್ರಾಯಗಳು ಬಂದವು. ರುದ್ರಮುನಿ ಆ ತಿಂಗಳಿಂದ ತನ್ನ ಹೆಂಡತಿಯ ತಮ್ಮನಿಗೆ ಮನೆಯ ಬೀಗದಕೈ ಕೊಡಲಿಲ್ಲವಂತೆ. ಎರಡನ್ನೂ ಓದಿದ್ದ ಯಾರೋ ಒಬ್ಬರು, ಈ ಲೇಖಕರಿಗೆ ಭಾವಮೈದುನರ ಮೇಲೆ ಏನೋ ಸಿಟ್ಟಿದೆ ಎಂದು ಬರೆದಿದ್ದರು. ಓದಿ ನಕ್ಕೆ. ಆಗಲೇ ನನಗೆ ತಿಳಿಯಬೇಕಿತ್ತು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಹಿಟ್ಟಿನ ಗಿರಣಿಯ ಲಿಂಗಜ್ಜಿ. ಎಪ್ಪತ್ತೆಂಟು ವರ್ಷ. ನೂರು ಪುಸ್ತಕ ಓದಿ ನೂರರಲ್ಲೂ ತಪ್ಪು ಊಹಿಸಿದವಳು. ಕಟ್ಟೆಯ ಮೇಲೆ ಅವಳನ್ನು ಗೇಲಿ ಮಾಡದವರಿಲ್ಲ. ಅಜ್ಜಿ ಯಾರ ಹೆಸರು ಬರೆದಿದ್ದಾಳೋ ನೋಡಿ, ಅವನೊಬ್ಬನನ್ನು ಬಿಡುಗಡೆ ಮಾಡಿಬಿಡಿ ಎನ್ನುತ್ತಿದ್ದರು. ಬಾವಿಮನೆಯಲ್ಲಿ ಅವಳು ಬರೆದದ್ದು ಭಾವಮೈದುನ ಎಂದು. ನಾನು ಹೇಳಿದಾಗ ಅವಳು ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು. ಮಾರನೆಯ ದಿನ ಕಟ್ಟೆಗೆ ಒಂದು ಮೊರ ಕಡ್ಲೆಪುರಿ ತಂದು ಎಲ್ಲರಿಗೂ ಹಂಚಿದಳು. ಅದಾದ ಮೇಲೆ ಮಂಡಿ ನೋವಿನಿಂದ ಬರುವುದು ನಿಂತಿತು, ಕಣ್ಣಿಗೆ ಪೊರೆ ಬಂದು ಓದುವುದೂ ನಿಂತಿತು. ಆದರೂ ಗಿರಣಿಗೆ ಬಂದವರ ಹತ್ತಿರವೆಲ್ಲ ಭಾವಮೈದುನನನ್ನು ಹೇಗೆ ಹಿಡಿದೆನೆಂದು ಹೇಳುತ್ತಿದ್ದಳಂತೆ.

ಶಾಂತವೀರಯ್ಯನವರು ಬಾವಿಮನೆಯನ್ನು ಓದಿದ್ದು ತುಂಬ ತಡವಾಗಿ. ಎಲ್ಲರೂ ಹೊಗಳುವ ಪುಸ್ತಕವನ್ನು ಅವರು ಸದ್ದು ಅಡಗಿದ ಮೇಲೆ ಓದುತ್ತಾರೆ. ಆ ಮಂಗಳವಾರ ಬಂದು ಎಂದಿನಂತೆ ಮೂರು ಪುಟ ಬರೆದು ಅಭಿಪ್ರಾಯದ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಕನ್ನಡಕ ತೆಗೆದು ಒರೆಸಿದರು.

"ಇವತ್ತು ಸ್ವಲ್ಪ ನಿಧಾನವಾಗಿ ಓದಿ ಮೇಡಂ" ಎಂದರು. "ಅಂಗಡೀಲಿ ಎರಡು ಸಲ ಒಬ್ಬರ ವಾಚು ಇನ್ನೊಬ್ಬರಿಗೆ ಕೊಟ್ಬಿಟ್ಟೆ. ಮಗ ಸಾಕು ಬಿಡಿ ಅಂತಾನೆ. ಇದು ಸರಿಹೋದ್ರೆ ತಲೆ ಇನ್ನೂ ನೆಟ್ಟಗಿದೆ ಅಂದ್ಕೋತೀನಿ. ಇಲ್ಲಾಂದ್ರೆ ಬೀಗದಕೈ ಅವನಿಗೆ ಕೊಟ್ಟು ಕೂತ್ಕೊಳ್ಳೋದು."

ನಾನು ಓದಿದೆ. ಅನುಮಾನ: ವಠಾರದಲ್ಲಿ ಬಾಡಿಗೆಗಿರುವ ಸಂಗೀತದ ಮೇಷ್ಟ್ರು. ಮೊದಲನೆಯ ಕಾರಣ, ಬಾವಿಯ ಹಗ್ಗದ ಗಂಟು ಎಡಗೈಯವರು ಹಾಕುವಂಥದು, ಅರವತ್ತಮೂರನೆಯ ಪುಟದಲ್ಲಿ ಮೇಷ್ಟ್ರು ಎಡಗೈಯಲ್ಲಿ ಶ್ರುತಿ ಮಾಡುತ್ತಾರೆ. ಎರಡನೆಯ ಕಾರಣ, ತಾನು ಹೊರಟಾಗ ಹಜಾರದ ಗಡಿಯಾರ ಹತ್ತು ಹೊಡೆಯಿತೆಂದು ಮೇಷ್ಟ್ರು ಹೇಳುತ್ತಾರೆ. ಆದರೆ ಎರಡನೆಯ ಅಧ್ಯಾಯದಲ್ಲಿ ಮಾಲೀಕನ ಹೆಂಡತಿಗೆ ತಲೆನೋವು, ಗಡಿಯಾರದ ಸದ್ದು ಬೇಡವೆಂದು ಅವಳು ಅನ್ನುತ್ತಾಳೆ. ಆ ಮೇಲೆ ಗಡಿಯಾರ ಹೊಡೆದದ್ದನ್ನು ಬೇರೆ ಯಾರೂ ಹೇಳುವುದಿಲ್ಲ. ಹೊಡೆಯದ ಗಡಿಯಾರ ಇವರೊಬ್ಬರಿಗೆ ಹೇಗೆ ಕೇಳಿಸಿತು?

ಅಲ್ಲಿ ನನ್ನ ಕಣ್ಣು ನಿಂತಿತು. ಹತ್ತಿ. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಸ್ಟೂಲು ಏರಿ ಗಡಿಯಾರದ ಬಾಗಿಲು ತೆಗೆದು, ಗಂಟೆ ಬಡಿಯುವ ಪುಟ್ಟ ಸುತ್ತಿಗೆಗೆ ಸುತ್ತಿದ್ದ ಹತ್ತಿಯನ್ನು ಎಲ್ಲರಿಗೂ ತೋರಿಸುತ್ತಾನೆ. ಸಂಗೀತದ ಮೇಷ್ಟ್ರು ತಂಬೂರಿಯನ್ನು ಗೋಡೆಗೆ ಒರಗಿಸಿ ಕುಳಿತುಬಿಡುತ್ತಾರೆ. ನಾನು ಅದನ್ನು ಓದಿದ್ದೆ. ಎರಡು ವರ್ಷದ ಹಿಂದೆ, ಗುರುವಾರ, ಈ ಕುರ್ಚಿಯಲ್ಲೇ ಕುಳಿತು ಓದಿದ್ದೆ. ಭಾವಮೈದುನ ಗೋದಾಮಿನ ಬೀಗದವನು. ನಲವತ್ತೊಂದು ಜನರಿಗೆ ನಾನು ಬೇರೆ ಪುಸ್ತಕದ ಕೊನೆ ಹೇಳಿದ್ದೆ.

ಮೂರನೆಯ ಕಾರಣವನ್ನು ಓದಿದೆನೋ ಇಲ್ಲವೋ ನೆನಪಿಲ್ಲ. ತಲೆಯೆತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಯಾರೋ ಜೋರಾಗಿ ನಕ್ಕರು. ನಾನು ಬಾಯಿ ತೆರೆದೆ. ನಲವತ್ತೊಂದು ಸಲ ಹೇಳಿದ ಮಾತು, ಅದಕ್ಕೆ ನನ್ನ ಅಗತ್ಯವೇ ಇರಲಿಲ್ಲ, ತಾನಾಗಿ ಹೊರಟಿತು. ಮಾಲೀಕ ಸತ್ತ ರಾತ್ರಿ ಭಾವಮೈದುನ ಊರಿನಲ್ಲಿರಲಿಲ್ಲ ಎಂದು ಎಲ್ಲರೂ ನಂಬಿದ್ದರು... ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಒಂದೊಂದು ವಾಕ್ಯ ಮುಗಿದಾಗಲೂ ಈಗ ನಿಲ್ಲಿಸುತ್ತೇನೆ ಅಂದುಕೊಂಡೆ. ಕಾರ್ಯದರ್ಶಿಗಳ ಮುಖ ಬಂತು, ಅಜ್ಜಿಯ ಕಡ್ಲೆಪುರಿ ಬಂತು, ಸಂಜೆ ಕಾಲೇಜಿನವಳಲ್ಲವೇ ಎಂಬ ಮಾತು ಯಾರೂ ಆಡದೆಯೇ ಕೇಳಿಸಿತು. ಕೊನೆಯವರೆಗೂ ಹೇಳಿ ಮುಗಿಸಿದೆ.

"ಭಾಮೈದನಾ" ಎಂದರು ಅವರು. "ಹಾಗಾದ್ರೆ ಆ ಗಡಿಯಾರದ್ದು ಏನಾಯ್ತು?"

"ಅದರ ಬಗ್ಗೆ ಏನೂ ಬರೆದಿಲ್ಲ" ಎಂದೆ.

"ಲೇಖಕರು ಮರೆತಿರಬೇಕು. ಇಲ್ಲ, ನಾನೇ ಸರಿಯಾಗಿ ಓದಿಲ್ಲ ಅನ್ಸುತ್ತೆ."

ಆ ದಿನ ಅವರು ನನ್ನ ಅನುಮಾನ ಯಾರ ಮೇಲಿತ್ತೆಂದು ಕೇಳಲಿಲ್ಲ. ಪೆನ್ನು ತೆಗೆದುಕೊಂಡು ಮೂರು ಪುಟದ ಕೆಳಗೆ, ನನ್ನ ಊಹೆ ತಪ್ಪು, ಕಾದಂಬರಿ ಚೆನ್ನಾಗಿದೆ ಎಂದು ಬರೆದು ಹೋದರು. ಮುಂದಿನ ಮಂಗಳವಾರ ಬರಲಿಲ್ಲ. ಅದರ ಮುಂದಿನ ಮಂಗಳವಾರವೂ ಇಲ್ಲ.

ನಾನು ನನಗೆ ಏನೇನೋ ಹೇಳಿಕೊಂಡೆ. ಪುಟ ಬೆಳ್ಳಗಿದೆ, ಯಾರು ನೋಡಬಲ್ಲರು? ನನ್ನ ಈಗಿನ ನೆನಪೇ ತಪ್ಪಿರಬಹುದಲ್ಲವೇ? ಅವರ ಕಾರಣಗಳು ಅಷ್ಟು ಚೆನ್ನಾಗಿದ್ದುದರಿಂದ ನಾನೇ ಆ ಹತ್ತಿಯನ್ನು ಕಲ್ಪಿಸಿಕೊಂಡಿರಬಹುದು. ಎರಡೂ ಪುಸ್ತಕಗಳನ್ನು ಮನೆಗೆ ಒಯ್ದು ಬೆಳ್ಳಗಿನ ಪುಟಗಳವರೆಗೆ ಮತ್ತೆ ಓದಿದೆ. ಗೋದಾಮಿನ ಬೀಗದಲ್ಲಿ ಗಡಿಯಾರವೇ ಇಲ್ಲ. ಬಾವಿಮನೆಯಲ್ಲಿ ಮಾಲೀಕನ ಹೆಂಡತಿ ತಲೆನೋವೆಂದ ಮರುದಿನ, ಅಡುಗೆಯವಳು ದೀಪದ ಬತ್ತಿ ಹೊಸೆಯಲು ಇಟ್ಟ ಹತ್ತಿ ಕಡಿಮೆಯಾಗಿದೆ ಎಂದು ಗೊಣಗುತ್ತಾಳೆ. ಒಂದೇ ಸಾಲು. ಅಭಿಪ್ರಾಯದ ಪುಸ್ತಕವನ್ನೂ ತೆಗೆದು ನೋಡಿದೆ. ಅವರ ಮೂರು ಪುಟಗಳಲ್ಲಿ ಸಂಗೀತದ ಮೇಷ್ಟ್ರು ಎಂದು ಬರೆದಲ್ಲೆಲ್ಲ ಶಾಯಿ ತೆಳ್ಳಗಾಗತೊಡಗಿತ್ತು. ಲಿಂಗಜ್ಜಿಯ ಪುಟದಲ್ಲಿ ಭಾವಮೈದುನ ಎಂಬ ಮಾತು ಎರಡು ವರ್ಷವಾದರೂ ನಿನ್ನೆ ಬರೆದಂತೆ ಕಪ್ಪಗಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಅವರ ಅಂಗಡಿಯ ಕಡೆ ಹೋದೆ. ಬಾಗಿಲು ಹಾಕಿತ್ತು. ಮನೆಗೆ ಹೋದೆ. ಅವರು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಸೊಸೆಗೆ ಇನ್ನೊಂದು ಕುರ್ಚಿ ತರಲು ಹೇಳಿದರು. ನಾನು ಕೂರಲಿಲ್ಲ. ಕೂತರೆ ಬೇರೆ ಮಾತಾಡಿ ಎದ್ದು ಬರುತ್ತೇನೆಂದು ಗೊತ್ತಿತ್ತು.

"ಅದು ಸಂಗೀತದ ಮೇಷ್ಟ್ರೇ" ಎಂದೆ. "ನೀವು ಬರೆದದ್ದು ಸರಿ. ನಾನು ಬೇರೆ ಪುಸ್ತಕದ ಕೊನೆ ಹೇಳಿದೆ."

ಅವರು ಕೇಳಿದ್ದು ನಾನು ಅಂದುಕೊಂಡ ಯಾವ ಪ್ರಶ್ನೆಯೂ ಅಲ್ಲ.

"ಗಡಿಯಾರದ ಸುತ್ತಿಗೆಗೆ ಏನು ಸುತ್ತಿದ್ರು?"

"ಹತ್ತಿ."

"ಹತ್ತೀನೇ ಆಗ್ಬೇಕು" ಎಂದರು. "ಬಟ್ಟೆ ಆದ್ರೆ ಸಿಕ್ಕಿಕೊಳ್ಳುತ್ತೆ." ಅವರ ಮುಖ ಒಮ್ಮೆಗೇ ಹತ್ತು ವರ್ಷ ಚಿಕ್ಕದಾದಂತೆ ಕಂಡಿತು. ಒಂದು ಕ್ಷಣ ಎಲ್ಲವೂ ಸರಿಹೋಯಿತು ಅಂದುಕೊಂಡೆ. ಆಮೇಲೆ ಅವರು ಓದುವಾಗ ಹುಬ್ಬು ಗಂಟಿಕ್ಕುವಂತೆ ಗಂಟಿಕ್ಕಿದರು. "ನಿಮಗೆ ಯಾವಾಗ ಗೊತ್ತಾಯ್ತು?"

ಈಚೆಗೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. "ನಿಮ್ಮ ಎರಡನೇ ಕಾರಣ ಓದಿದಾಗ" ಎಂದೆ.

"ಅಂದ್ರೆ ನನಗೆ ಭಾಮೈದ ಅನ್ನೋದಕ್ಕೆ ಮುಂಚೆ."

"ಹೌದು."

"ಗಡಿಯಾರದ್ದು ಏನೂ ಬರೆದಿಲ್ಲ ಅಂದ್ರಲ್ಲ, ಅದಕ್ಕೂ ಮುಂಚೆ."

"ಹೌದು."

ಅವರ ದನಿ ಏರಲಿಲ್ಲ. "ತಪ್ಪಾಗೋದು ಬೇರೆ ಮೇಡಂ. ನಾನೂ ಎರಡು ವಾಚು ಅದಲುಬದಲು ಕೊಟ್ಟೆ. ಅವರು ವಾಪಸ್ ಬಂದು ಇದು ನಂದಲ್ಲ ಅಂದಾಗ, ಇಲ್ಲ ನಿಮ್ದೇ ಅಂತ ನಾನು ಹೇಳ್ಲಿಲ್ಲ." ಆಮೇಲೆ ಒಳಗೆ ತಿರುಗಿ ಮಗನನ್ನು ಕರೆದು ಅಂಗಡಿಯ ಬೀಗದಕೈ ಕೊಡು ಎಂದರು. ಮಿಕ್ಕವರಿಗೆ ಹೇಳಿದಿರಾ ಎಂದು ಕೇಳಿದರು. ಮೊದಲು ನಿಮಗೆ ಎಂದೆ. ತಲೆಯಾಡಿಸಿದರು. ಸೊಸೆ ತಂದ ಕುರ್ಚಿ ಖಾಲಿಯೇ ನಿಂತಿತ್ತು. ನಾನು ಮೆಟ್ಟಿಲು ಇಳಿದೆ.

ಮಾರನೆಯ ದಿನ ಸಂಜೆ ಮೊದಲ ಸಲ ಕಟ್ಟೆಯ ಹತ್ತಿರ ಹೋಗಿ ನಿಂತೆ. ನನ್ನನ್ನು ಕಂಡು ಮಾತು ನಿಂತಿತು. ಕಾರ್ಯದರ್ಶಿಗಳನ್ನೂ ಕರೆಸಿ, ಬಾವಿಮನೆಯನ್ನು ಓದದವರು ಯಾರೂ ಇಲ್ಲವೆಂದು ನೋಡಿಕೊಂಡು, ನಡೆದದ್ದನ್ನು ಹೇಳಿದೆ. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೆಲವರಿಗೆ ಭಾವಮೈದುನನನ್ನು ಬಿಟ್ಟುಕೊಡಲು ಇಷ್ಟವೇ ಇರಲಿಲ್ಲ, ಮೇಷ್ಟ್ರು ಕೊಂದರೆ ಅದೇನು ಕಾದಂಬರಿ ಎಂದರು. ಇನ್ನು ಕೆಲವರಿಗೆ ಇಷ್ಟು ದಿನ ಕೇಳಿದ ಎಲ್ಲ ಕೊನೆಗಳ ಮೇಲೂ ಅನುಮಾನ ಹುಟ್ಟಿತು. ದಸ್ತಗೀರ್ ಸಾಹೇಬರು, ಹಾಗಾದ್ರೆ ನನ್ನ ಡಾಕ್ಟರುಗಳದ್ದೂ ಇನ್ನೊಂದ್ಸಲ ನೋಡಿ ಹೇಳಿ ಮೇಡಂ, ಒಬ್ಬನಾದ್ರೂ ಸಿಗ್ತಾನೆ ಎಂದರು. ಎಲ್ಲರೂ ನಕ್ಕರು. ರುದ್ರಮುನಿ ನಗಲಿಲ್ಲ.

"ಎರಡು ವರ್ಷ ನನ್ನ ಭಾಮೈದನ್ನ ಕಳ್ಳನ ಥರ ನೋಡ್ದೆ" ಎಂದ. "ಈಗ ಅವನ ಹತ್ರ ನೀವು ಬರ್ತೀರಾ, ನಾನೇ ಹೋಗ್ಲಾ?"

ನಾನು ಬರುತ್ತೇನೆ ಎಂದೆ, ಹೋಗಿಯೂ ಬಂದೆ. ಆ ಹುಡುಗನಿಗೆ ವಿಷಯವೇ ಗೊತ್ತಿರಲಿಲ್ಲ. ಬೀಗದಕೈ ಕೊಡದಿದ್ದುದಕ್ಕೆ ತಾನು ಒಮ್ಮೆ ಹಾಲು ಉಕ್ಕಿಸಿದ್ದು ಕಾರಣ ಎಂದುಕೊಂಡಿದ್ದ.

ಸಮಿತಿಯವರು ನನ್ನನ್ನು ತೆಗೆಯಲಿಲ್ಲ. ತೆಗೆಯುವಂತಿರಲಿಲ್ಲ, ಇನ್ನೂರ ಹದಿಮೂರು ಕೊನೆಗಳು ಬೇರೆ ಎಲ್ಲಿಯೂ ಇಲ್ಲ. ಹೊಸ ಪಾರ್ಸೆಲ್ಲುಗಳನ್ನು ಅಂಚೆ ಕಚೇರಿಯ ಒಬ್ಬ ಗುಮಾಸ್ತರಿಗೆ ಕೊಟ್ಟರು. ಹಳೆಯ ಪುಸ್ತಕಗಳಿಗೆ ನಾನೇ. ಈಗ ಬಾಗಿಲು ಹಾಕಿ ಕೊನೆ ಹೇಳಿ ಮುಗಿಸಿದ ಮೇಲೆ ಪ್ರತಿಯೊಬ್ಬರೂ ಗ್ಯಾರಂಟಿನಾ ಮೇಡಂ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಮನೆಗೆ ಹೋಗಿ ಮತ್ತೆ ಹೇಳಿಕೊಂಡು ನೋಡುತ್ತೇನೆ. ಶಾಂತವೀರಯ್ಯನವರ ಅಂಗಡಿ ತೆರೆದಿದೆ. ಮುಂದೆ ಹಾದುಹೋಗುವಾಗ ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು ಬಗ್ಗಿರುವುದು ಕಾಣುತ್ತದೆ. ಮಂಗಳವಾರ ಅವರು ಬರುವುದಿಲ್ಲ. ಹೊಸ ಪುಸ್ತಕಗಳನ್ನು ಓದುತ್ತಾರಂತೆ, ಗುಮಾಸ್ತರು ಕೂರುವ ಬುಧವಾರ ಬಂದು ಹೋಗುತ್ತಾರಂತೆ.

ಅಜ್ಜಿಗೆ ಮಾತ್ರ ಯಾರೂ ಹೇಳಬಾರದು ಎಂದು ಅವತ್ತೇ ಕಟ್ಟೆಯ ಮೇಲೆ ಎಲ್ಲರೂ ಸೇರಿ ಒಪ್ಪಿದ್ದರು. ಈ ವಯಸ್ಸಿನಲ್ಲಿ ಅದೊಂದನ್ನು ಕಿತ್ತುಕೊಳ್ಳುವುದು ಬೇಡ ಎಂದರು ಕಾರ್ಯದರ್ಶಿಗಳು. ನಾನೂ ತಲೆಯಾಡಿಸಿದೆ. ಸಮಾಧಾನವಾಯಿತೆಂದೇ ಹೇಳಬೇಕು. ತಿಂಗಳಾದ ಮೇಲೆ ಅಜ್ಜಿಯ ಮೊಮ್ಮಗಳು ಗ್ರಂಥಾಲಯಕ್ಕೆ ಬಂದು, ಅಜ್ಜಿ ಕರೀತಿದ್ದಾಳೆ ಎಂದಳು.

ಗಿರಣಿಯ ಹಿಂದಿನ ಕೋಣೆಯಲ್ಲಿ ಲಿಂಗಜ್ಜಿ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಗಿರಣಿಯ ಸದ್ದಿಗೆ ಗೋಡೆಯಲ್ಲಿದ್ದ ಕ್ಯಾಲೆಂಡರ್ ಅಲುಗುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಂಡಳು. ಸದ್ದಿನ ಮೇಲೆ ಕೇಳಿಸುವಂತೆ ನನ್ನ ಕಿವಿಯ ಹತ್ತಿರ ಬಾಗಿದಳು.

"ರುದ್ರಮುನಿ ರವಿಕೆ ಕೊಡೋಕೆ ಬಂದಿದ್ದ. ನಮ್ಮ ಭಾಮೈದನ ಮಾತು ಎತ್ತಿದೆ. ಮಳೆ ಬರೋ ಹಂಗಿದೆ ಅಜ್ಜಿ ಅಂದ. ರಾಗಿ ಬೀಸ್ಕೊಂಡು ಹೋಗೋಕೆ ಸಾಹೇಬ ಬಂದ. ಎತ್ತಿದೆ. ಅವ್ನೂ ಮಳೆ ಅಂದ. ಆಮೇಲೆ ಇನ್ನಿಬ್ರು. ಇವಳನ್ನ ಹೊರಗೆ ಕಳಿಸಿ ಆಕಾಶ ನೋಡು ಅಂದೆ. ಒಂದು ಚೂರು ಮೋಡ ಇಲ್ಲ." ಪೊರೆ ಬಂದ ಕಣ್ಣನ್ನು ನನ್ನ ಮುಖದ ಹತ್ತಿರ ತಂದಳು. "ಊರೆಲ್ಲ ಸೇರ್ಕೊಂಡು ಏನೋ ಮುಚ್ಚಿಡ್ತಿದ್ದೀರಿ. ಅವನಲ್ವಾ?"

ಕಟ್ಟೆಯವರಿಗೆ ಕೊಟ್ಟ ಮಾತು ನೆನಪಾಯಿತು. ಅವಳ ಕೈ ನನ್ನ ಮೊಣಕೈ ಮೇಲಿತ್ತು. ವಾಕ್ಯವನ್ನು ಒಳಗೆ ಹೇಳಿಕೊಳ್ಳಲು ಪುರುಸೊತ್ತಾಗಲಿಲ್ಲ.

"ಅಲ್ಲ ಅಜ್ಜಿ. ನಾನು ತಪ್ಪು ಹೇಳಿದ್ದೆ."

ಅವಳು ಕೈ ತೆಗೆದಳು. ಗಿರಣಿ ಒಂದು ಚೀಲ ಮುಗಿಸಿ ನಿಂತಿತು, ಮೊಮ್ಮಗಳು ಇನ್ನೊಂದನ್ನು ಸುರಿದಳು, ಮತ್ತೆ ಶುರುವಾಯಿತು. ಅಷ್ಟೂ ಹೊತ್ತು ಅಜ್ಜಿ ತನ್ನ ಮಂಡಿಯನ್ನು ನೀವುತ್ತಿದ್ದಳು.

"ನೂರಕ್ಕೆ ಒಂದಾದ್ರೂ ಸಿಕ್ತು ಅಂದ್ಕೊಂಡಿದ್ದೆ" ಎಂದಳು ಕಡೆಗೆ.

ಎದ್ದು ಹೋಗು ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳುವುದು ನ್ಯಾಯ ಎಂದು ಬಾಯಿ ತೆರೆದೆ. ಅಜ್ಜಿ ಗಬಕ್ಕನೆ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

"ಯಾರು ಅಂತ ಹೇಳ್ಬೇಡ. ನಾಳೆ ಆ ಪುಸ್ತಕ ತಗೊಂಬಾ. ನನಗೆ ಅಕ್ಷರ ಕಾಣಲ್ಲ, ಇವಳಿಗೆ ಬಿಡುವಿಲ್ಲ. ನೀನೇ ಓದು. ಅವನೊಬ್ಬನನ್ನ ಬಿಟ್ಟು ಮಿಕ್ಕವರಲ್ಲಿ ಹುಡುಕ್ತೀನಿ. ಓದುವಾಗ ಮುಖ ಮಾತ್ರ ಆ ಕಡೆ ತಿರುಗಿಸ್ಕೋ. ನಿನ್ನ ಮುಖದಲ್ಲಿ ಎಲ್ಲಾ ಗೊತ್ತಾಗುತ್ತೆ."

ಮಾರನೆಯ ದಿನ ಮಂಚದ ಪಕ್ಕದ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು ಮೊದಲ ಪುಟದಿಂದ ಓದತೊಡಗಿದೆ. ಗಿರಣಿಯ ಸದ್ದಿಗೆ ಜೋರಾಗಿ ಓದಬೇಕಿತ್ತು. ಸಂಗೀತದ ಮೇಷ್ಟ್ರು ಹೊಸದಾಗಿ ಬಾಡಿಗೆಗೆ ಬಂದು ಮಾಲೀಕನಿಗೆ ನಮಸ್ಕಾರ ಹೇಳುವ ಕಡೆ ನನ್ನ ದನಿ ಎಲ್ಲಿ ನಡುಗೀತೋ ಎಂದು ಆ ಸಾಲನ್ನು ಬೇಕೆಂದೇ ಬೇಗ ದಾಟಿದೆ. ಬೇಗ ದಾಟಿದ್ದೂ ಗೊತ್ತಾದೀತೆಂದು ಮುಂದಿನ ಸಾಲನ್ನೂ ಬೇಗ ಓದಿದೆ. ಹಿಂದಿನಿಂದ ಅಜ್ಜಿ ನಿಲ್ಲಿಸು ಎಂದಳು.

"ಆ ಹಾಲಿನವಳು" ಎಂದಳು. "ಬಾಗಿಲಲ್ಲಿ ನಿಂತ್ಕೊಂಡು ಅಷ್ಟೊಂದು ಮಾತಾಡ್ತಾಳಲ್ಲ, ಅವಳ್ಯಾಕೆ ಬೇಕಿತ್ತು ಅಲ್ಲಿ? ಅವಳೇ."

ನಾನು ಗೋಡೆಯನ್ನು ನೋಡುತ್ತ ಮುಂದಿನ ಸಾಲು ಓದಿದೆ.